ಹೊಲದಲ್ಲಿ ಸಿಕ್ಕ ಕಲ್ಲಿನ ಕೊಡಲಿಯನ್ನು ಯೂನಿವರ್ಸಿಟಿಯ ಮಾನವಶಾಸ್ತ್ರ ಮ್ಯೂಸಿಯಂಗೆ ಒಯ್ಯಬಹುದೇ? ಭಾನುವಾರ ತೆರೆದಿರುತ್ತದೆಯೇ?

ಹುಣಸಗಿ ಕಡೆಯ ಹೊಲ, ಅಂಗೈ ತುಂಬುವಷ್ಟು ದೊಡ್ಡ ಚೂಪು ಕಲ್ಲು, ಮ್ಯೂಸಿಯಂನವರಿಗೆ ತೋರಿಸುವ ಆಸೆ. ನಿಮ್ಮ ಪ್ರಶ್ನೆ ಓದಿ ನಗು ಬಂತು, ಹೊಟ್ಟೆಯೂ ಉರಿಯಿತು. ಹನ್ನೆರಡು ವರ್ಷದ ಹಿಂದೆ ಇದೇ ಕೆಲಸ ಮಾಡಿದವನು ನಾನು.

ಆಗ ಡಿಗ್ರಿ ಎರಡನೇ ವರ್ಷ. ಕಾಕಾನ ಹೊಲ ಹುಣಸಗಿ ಕಡೆಯ ಇಸಾಂಪುರ ಅನ್ನೋ ಊರಿನ ಹತ್ತಿರ. ಜೋಳ ಕೊಯ್ದ ಮೇಲೆ ಒಡ್ಡಿನ ಗುಂಟ ಅಡ್ಡಾಡುವಾಗ ಎರಡು ಕಲ್ಲು ಸಿಕ್ಕವು. ಬಾದಾಮಿ ಬೀಜದ ಆಕಾರ, ಎರಡೂ ಕಡೆ ಚಕ್ಕೆ ಎಬ್ಬಿಸಿದ ಗುರುತು. ಹಳ್ಳದ ದಂಡೆಯಲ್ಲಿ ಮತ್ತೆ ಮೂರು. ಐದನ್ನೂ ಒಂದೇ ಗೊಬ್ಬರದ ಚೀಲಕ್ಕೆ ಹಾಕಿದೆ. ಅರ್ಧ ಕೆಲಸ ಅಲ್ಲೇ ಕೆಟ್ಟಿತು. ಉಳಿದರ್ಧ ಮನೆಯಲ್ಲಿ ಕೆಡಿಸಿದೆ. ವಿಮ್ ಸೋಪು ಹಚ್ಚಿ, ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ತೊಳೆದೆ. ಒಂದರ ಮೇಲೆ ಸುಣ್ಣದಂಥ ಬಿಳಿ ಹಕ್ಕಳೆ ಕಟ್ಟಿತ್ತು, ಅದನ್ನೂ ಚಾಕುವಿನಿಂದ ಕೆರೆದೆ. ಕಟ್ಟೆಯ ಮೇಲೆ ಕೂತಿದ್ದ ಕಾಕಾ, "ಏನಪಾ, ಕಲ್ಲಿಗೆ ಮದುವಿ ಮಾಡ್ತಿಯೇನು, ಇಷ್ಟು ಜಳಕ ಮಾಡಸ್ತಿ?" ಅಂದರು.

ರಾತ್ರಿ ಬಸ್ಸಿಗೆ ಹೊರಟೆ. ಮ್ಯೂಸಿಯಂ ಅಂದರೆ ಟಿಕೆಟ್ ಕೌಂಟರ್ ಇರುತ್ತೆ ಅಂದುಕೊಂಡಿದ್ದೆ. ಎಲ್ಲಿಯ ಟಿಕೆಟ್! ವಿಭಾಗದ ಕಾರಿಡಾರಿನ ಕೊನೆಗೆ ಒಂದು ಉದ್ದ ಕೋಣೆ, ಬಾಗಿಲಿಗೆ ಬೀಗ. ಒಳಗೆ ಪ್ಲಾಸ್ಟರಿನ ತಲೆಬುರುಡೆಗಳು, ಬಿದಿರಿನ ಮೀನುಬುಟ್ಟಿ, ಕನ್ನಡಿ ಹೊಲಿದ ಲಂಬಾಣಿ ಲಂಗ. ನಮ್ಮೂರ ಸಂತೆಯಲ್ಲಿ ಕಾಣುವ ಬಟ್ಟೆಯನ್ನು ಗಾಜಿನ ಹಿಂದೆ ನೋಡಿ ಒಂಥರಾ ಅನಿಸಿತು.

ಅಲ್ಲಿದ್ದ ಮೇಡಂ ಒಂದು ಡ್ರಾಯರ್ ಎಳೆದರು. ಸಾಲಾಗಿ ಕಲ್ಲುಗಳು. ಪ್ರತಿಯೊಂದರ ಮೇಲೂ ಇರುವೆ ಸಾಲಿನಂಥ ಕಪ್ಪು ಶಾಯಿಯ ಅಕ್ಷರ: ಊರು, ಅಗೆದ ಗುಂಡಿ, ನಂಬರು. ಆಮೇಲೆ ನನ್ನ ಚೀಲ ನೋಡಿದರು. "ಇದು ಎಲ್ಲಿ ಸಿಕ್ಕಿತು?"

"ಹೊಲದಲ್ಲಿ ಎರಡು, ಹಳ್ಳದಲ್ಲಿ ಮೂರು."

"ಯಾವ ಎರಡು?"

ಸುಮ್ನೆ ನಿಂತೆ. ತೊಳೆದ ಮೇಲೆ ಐದೂ ಒಂದೇ ಥರ ಕಾಣುತ್ತಿದ್ದವು.

ಅದೇ ಇಸಾಂಪುರದಲ್ಲಿ ಹಿಂದೆ ಆದಿಮಾನವರ ಕಲ್ಲಿನ ಆಯುಧಗಳಿಗಾಗಿ ಅಗೆತ ಮಾಡಿದ್ದು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ. ಆ ಜಾಗಕ್ಕೆ ಸುಮಾರು 12 ಲಕ್ಷ ವರ್ಷ ಅಂತ ಲೆಕ್ಕ ಸಿಕ್ಕಿದ್ದು ಕೊಡಲಿಯಿಂದ ಅಲ್ಲ, ಅದರ ಜೊತೆ ಮಣ್ಣಿನಲ್ಲಿದ್ದ ಪ್ರಾಣಿಯ ಹಲ್ಲಿನಿಂದ. ಸುಣ್ಣಕಲ್ಲಿನ ಬಂಡೆ, ಬಡಿಯುವ ಕಲ್ಲು, ಉದುರಿದ ಚಕ್ಕೆ, ಅರ್ಧಕ್ಕೆ ಬಿಟ್ಟ ಕೊಡಲಿ ಎಲ್ಲ ಒಂದೇ ಕಡೆ ಬಿದ್ದಿದ್ದರಿಂದಲೇ ಅದು ಆಯುಧ ಮಾಡುವ ಜಾಗ ಅಂತ ತಿಳಿದದ್ದು. ನೋಡಿ, ಪಕ್ಕದಲ್ಲಿ ಏನಿತ್ತು ಅನ್ನೋದೇ ಅರ್ಧ ಕಥೆ. ಆ ಅರ್ಧವನ್ನು ನಾನು ಹೊಲದಲ್ಲೇ ಬಿಟ್ಟು ಬಂದಿದ್ದೆ. ನಾನು ಕೆರೆದ ಬಿಳಿ ಹಕ್ಕಳೆ ಕೂಡ ಕಲ್ಲು ಎಂಥ ಮಣ್ಣಿನಲ್ಲಿ ಹೂತಿತ್ತು ಅನ್ನುವುದಕ್ಕೆ ಗುರುತಂತೆ. ಮೇಡಂ ಬೈಯಲಿಲ್ಲ. ಚಹಾ ಕುಡಿಸಿ ಚೀಲ ವಾಪಸ್ ಕೊಟ್ಟರು. ಬೈದಿದ್ದರೆ ವಾಸಿಯಿತ್ತು.

ಮರುವರ್ಷ ಜಾಗ ಗುರುತು ಹಚ್ಚೋಣ ಅಂತ ಹೋದರೆ, ಭತ್ತ ಹಚ್ಚಲು ಕಾಕಾ ಜೆಸಿಬಿ ತರಿಸಿ ಹೊಲ ಸಮ ಮಾಡಿಸಿದ್ದರು.

ಹಾಗಾಗಿ, ಒಯ್ಯಬಹುದಾ ಅನ್ನೋ ಪ್ರಶ್ನೆಯೇ ತಪ್ಪು. ಕಲ್ಲು ಇದ್ದಲ್ಲೇ ಇರಲಿ. ಅಳತೆ ಗೊತ್ತಾಗಲಿ ಅಂತ ಪಕ್ಕಕ್ಕೆ ಹತ್ತು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆಯಿರಿ, ದೂರದಿಂದ ಇನ್ನೊಂದು, ಫೋನಿನಲ್ಲಿ ಲೊಕೇಶನ್ ಉಳಿಸಿ. ಆಗಲೇ ಎತ್ತಿದ್ದರೆ ತೊಳೆಯಬೇಡಿ, ಪೇಪರಿನಲ್ಲಿ ಸುತ್ತಿ ಸಿಕ್ಕ ಜಾಗ ಬರೆದಿಡಿ. ಮ್ಯೂಸಿಯಂಗೆ ಖಾಲಿ ಕೈಯಲ್ಲಿ ಹೋಗಿ. ಜಾಗ ನೋಡಬೇಕು ಅನಿಸಿದರೆ ಅವರೇ ಬರುತ್ತಾರೆ.

ಭಾನುವಾರ ಮರೆತುಬಿಡಿ. ವಿಭಾಗಕ್ಕೆ ಮೊದಲೇ ಫೋನ್ ಮಾಡಿ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ. ಒಂದು ಗಂಟೆಯ ಮೇಲೆ ಹೋದರೆ ಕೀ ಇರುವ ಅಟೆಂಡರ್ ಊಟಕ್ಕೆ ಎದ್ದಿರುತ್ತಾರೆ.