ಬೀದಿಗೆ ಬಂದ ನೀರು ಎತ್ತಲಿನದು?

ಪ್ರಶ್ನೆ: ನಮ್ಮ ಬಡಾವಣೆ ಕಾವೇರಿಗೆ ಸಮೀಪದಲ್ಲಿದೆ. ಹೊಳೆ ದಡ ಮೀರುವ ಮೊದಲೇ ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ. ಪರಿಶೀಲನೆಗೆ ಬರುವವರು ನೀರು ಇಳಿದ ಮೇಲೆಯೇ ಬರುತ್ತಾರೆ. ನೀರು ನಿಲ್ಲಲು ಕಾರಣವೇನೆಂದು ತಿಳಿಯುವ ಅಧ್ಯಯನದಲ್ಲಿ ನಿವಾಸಿಗಳ ಪಾಲು ಏನಿರಬಹುದು?
– ಓದುಗರೊಬ್ಬರು, ಕುಶಾಲನಗರ

ಉತ್ತರ: ನೀರು ಎತ್ತಲಿಂದ ಬಂತು ಎಂಬುದಕ್ಕೆ ಸಾಕ್ಷಿ ಹೇಳಬಲ್ಲವರು ಆ ಹೊತ್ತಿಗೆ ಜಗಲಿಯಲ್ಲಿ ನಿಂತಿದ್ದವರು ಮಾತ್ರ. ಊರಿನ ಮೇಲೆಯೇ ಸುರಿದ ಮಳೆ ಚರಂಡಿಯಲ್ಲಿ ಹಿಡಿಸದೆ ಉಕ್ಕುವುದು ಒಂದು ಬಗೆ. ಕುಶಾಲನಗರದಲ್ಲಿ ಮಳೆ ಕಡಿಮೆಯಿದ್ದರೂ ಹೊಳೆಯ ಮೇಲ್ಭಾಗದಲ್ಲಿರುವ ಭಾಗಮಂಡಲದ ಕಡೆಯ ಮಳೆಗೆ ಕಾವೇರಿ ಏರಿ, ಚರಂಡಿಯ ಬಾಯಿ ಮುಳುಗಿ, ನೀರು ಹಿಂದಕ್ಕೆ ಒತ್ತಿ ಬರುವುದು ಇನ್ನೊಂದು. ಮೊದಲನೆಯದಕ್ಕೆ ಚರಂಡಿಯ ಅಗಲ, ಹೂಳು, ಮೋರಿಗಳನ್ನು ನೋಡಬೇಕು. ಎರಡನೆಯದಕ್ಕೆ ಚರಂಡಿಯನ್ನು ಅಗಲ ಮಾಡಿದರೆ ಹೊಳೆಗೆ ಹೆದ್ದಾರಿ ಮಾಡಿಕೊಟ್ಟಂತೆಯೇ ಸರಿ. 2018 ಮತ್ತು 2019ರ ಆಗಸ್ಟ್‌ನಲ್ಲಿ ಹೊಳೆಯೇ ಬಡಾವಣೆಗಳಿಗೆ ನುಗ್ಗಿದ್ದರಿಂದ, ಆಮೇಲೆ ನಿಂತ ನೀರನ್ನೆಲ್ಲ ಕಾವೇರಿಯ ತಲೆಗೇ ಕಟ್ಟುವ ರೂಢಿ ಬಂದಿದೆಯೆಂದು ನನ್ನ ಅನಿಸಿಕೆ.

ಮಳೆ ಅಳೆಯುವುದನ್ನು ಕೊಡಗಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಗಿಡದಲ್ಲಿ ಹೂ ಅರಳಿಸುವ ಹೂಮಳೆಗೆ ಕಾದು ಕೂರುವ ಕಾಫಿ ಬೆಳೆಗಾರರು ಇಂಚು–ಸೆಂಟ್‌ಗಳಲ್ಲಿ ಬರೆದಿಟ್ಟ ಡೈರಿಗಳು ಎಷ್ಟೋ ಮನೆಗಳಲ್ಲಿವೆ. ನೂರು ಸೆಂಟ್ ಎಂದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್, 2 ಇಂಚು 40 ಸೆಂಟ್ ಮಳೆಯಾದರೆ 100 ಚದರ ಮೀಟರ್ ತಾರಸಿಯೊಂದರಿಂದಲೇ ಸುಮಾರು 6,100 ಲೀಟರ್ ನೀರು ಇಳಿಯುತ್ತದೆ. ಆದರೆ ತೋಟಕ್ಕೆ ದಿನದ ಲೆಕ್ಕ ಸಾಕು, ಚರಂಡಿಗೆ ಸಾಲದು. ಅಷ್ಟೇ ಮಳೆ ಇಡೀ ದಿನ ಜಿನುಗಿದರೆ ಸುಮ್ಮನೆ ಹರಿದುಹೋದೀತು, ಒಂದೇ ಗಂಟೆಯಲ್ಲಿ ಸುರಿದರೆ ಬೀದಿಗೆ ಬಂದೀತು. ಆದ್ದರಿಂದ ಜೋರು ಮಳೆಯಲ್ಲಿ ಅರ್ಧ ಗಂಟೆಗೊಮ್ಮೆ ಮಳೆ ಮಾಪಕವನ್ನು ನೋಡಿ ಬರೆಯಿರಿ. ಕಾಂಪೌಂಡ್ ಗೋಡೆಗೆ ಮೊದಲೇ ಬಣ್ಣದ ಗೆರೆಗಳನ್ನು ಎಳೆದಿಟ್ಟರೆ, ರಾತ್ರಿ ನೀರಿಗೆ ಇಳಿಯದೆ ಜಗಲಿಯಿಂದಲೇ ಟಾರ್ಚ್ ಬಿಟ್ಟು ಮಟ್ಟವನ್ನೂ ಸಮಯವನ್ನೂ ಗುರುತಿಸಬಹುದು. ನೀರು ಚರಂಡಿಯ ಮೇಲ್ದಿಕ್ಕಿನಿಂದ ಇಳಿಯಿತೋ, ಹೊಳೆಯ ಕಡೆಯಿಂದ ಏರಿತೋ ಎಂಬ ಒಂದು ಮಾತನ್ನೂ ಸೇರಿಸಿ. ನೀರು ನಿಲ್ಲದ ದಿನಗಳ ಮಳೆಯನ್ನೂ ತಪ್ಪದೆ ದಾಖಲಿಸಬೇಕು, ಇಲ್ಲದಿದ್ದರೆ ಎಷ್ಟು ಮಳೆಗೆ ಚರಂಡಿ ಸೋಲುತ್ತದೆ ಎಂಬುದು ಎಂದಿಗೂ ತಿಳಿಯದು.

ಬಡಾವಣೆ ಆಗುವ ಮೊದಲು ಗದ್ದೆ ಎಲ್ಲಿತ್ತು, ತೋಡು (ಸಣ್ಣ ಹಳ್ಳ) ಯಾವ ಕಡೆ ತಿರುಗುತ್ತಿತ್ತು ಎಂಬುದನ್ನು ಹಿರಿಯರಿಂದ ಕೇಳಿ, ಗ್ರಾಮ ನಕ್ಷೆಯೊಡನೆ ಹೋಲಿಸಿ ನೋಡಿ. ಮನೆಯ ಬೆಲೆ ಇಳಿದೀತೆಂದು ನೀರು ಬಂದದ್ದನ್ನೇ ಮರೆಮಾಚುವ ಮಾಲೀಕರು ಇರುತ್ತಾರೆ. ತಗ್ಗಿನ ಬಾಡಿಗೆ ಮನೆಯವರನ್ನು ಕೇಳಿದರೆ ಹೆಚ್ಚು ನಿಜ ಸಿಕ್ಕೀತು. ಇವೆಲ್ಲವನ್ನೂ ಒಂದು ನಕ್ಷೆಯ ಮೇಲೆ ಇಳಿಸಿ, ಮಳೆಗಾಲಕ್ಕೆ ಮುನ್ನ ಚರಂಡಿ ಕಾಮಗಾರಿಯ ಅಂದಾಜುಪಟ್ಟಿ ಸಿದ್ಧವಾಗುವ ಹೊತ್ತಿಗೇ ಸ್ಥಳೀಯ ಸಂಸ್ಥೆಯ ಎಂಜಿನಿಯರರಿಗೆ ಕೊಟ್ಟು, ಸ್ವೀಕೃತಿ ಪಡೆಯಿರಿ.