ಜಾಂಗೋ 6.0 ಬಂದಿದೆ, ಸಂಘದ ಸೈಟ್ ಏನು ಮಾಡೋಣ?

ಪ್ರಶ್ನೆ: ನಮ್ಮ ಕನ್ನಡ ಸಂಘದ ವೆಬ್‌ಸೈಟನ್ನು ಸದಸ್ಯರೊಬ್ಬರ ಮಗ ಜಾಂಗೋದಲ್ಲಿ (ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟಲು ಬಳಸುವ ಸಿದ್ಧ ಚೌಕಟ್ಟು) ಮಾಡಿಕೊಟ್ಟಿದ್ದ. ಸದಸ್ಯರ ಪಟ್ಟಿ, ಹಾಲ್ ಬುಕಿಂಗ್ ಎಲ್ಲ ಅದರಲ್ಲೇ ಇದೆ. ಹುಡುಗ ಈಗ ಬೆಂಗಳೂರಲ್ಲಿದ್ದಾನೆ. ಸದ್ಯ ನೋಡಿಕೊಳ್ಳುತ್ತಿರುವವರು 'ಜಾಂಗೋ ಆವೃತ್ತಿ 4.2 ಹಳೆಯದಾಯ್ತು, 6.0ಗೆ ಹೋಗದಿದ್ದರೆ ಸೈಟ್ ನಿಂತೇ ಹೋಗುತ್ತದೆ' ಅಂತಾರೆ. ಕೇಳುವ ದುಡ್ಡೂ ಜಾಸ್ತಿ.
– ಸಂಘದ ಕಾರ್ಯದರ್ಶಿ, ಡೊಂಬಿವಲಿ

ಉತ್ತರ: ಅರ್ಧ ನಿಜ, ಅರ್ಧ ಸುಮ್ನೆ ಹೆದರಿಸೋದು. ಸೈಟ್ ನಿಲ್ಲುವುದಿಲ್ಲ ಸರ್. ಆದರೆ 4.2ಕ್ಕೆ ಸೆಕ್ಯುರಿಟಿ ರಿಪೇರಿ ಸಿಗುವುದು ಏಪ್ರಿಲ್ 2026ರವರೆಗೆ ಮಾತ್ರ, ಆಮೇಲೆ ಯಾರಾದರೂ ಹೊಸ ತೂತು ಕಂಡುಹಿಡಿದರೆ ಅದು ಹಾಗೇ ಉಳಿಯುತ್ತದೆ, ನಿಮ್ಮ ಸದಸ್ಯರ ಫೋನ್ ನಂಬರ್, ವಿಳಾಸ ಎಲ್ಲ ಅದರ ಹಿಂದೆಯೇ ಇರುತ್ತವಲ್ವಾ. ಹಾಗಾಗಿ ಬದಲಾಯಿಸಲೇಬೇಕು. ಎಲ್ಲಿಗೆ ಅನ್ನೋದೇ ಪ್ರಶ್ನೆ.

ನಾನಾದರೆ 5.2 ಅಂತೀನಿ. ಜಾಂಗೋದ ಹೊಸ ಆವೃತ್ತಿ ಸುಮಾರು ಎಂಟು ತಿಂಗಳಿಗೊಮ್ಮೆ ಬರುತ್ತದೆ. ಅದರಲ್ಲಿ '.2' ಅಂತ ಮುಗಿಯುವುದಕ್ಕೆ ಮಾತ್ರ ಮೂರು ವರ್ಷದ ಬೆಂಬಲ. 5.2 ಬಂದದ್ದು ಏಪ್ರಿಲ್ 2025ರಲ್ಲಿ, ಏಪ್ರಿಲ್ 2028ರವರೆಗೆ ನಡೆಯುತ್ತದೆ. 6.0 ಬಂದದ್ದು ಡಿಸೆಂಬರ್ 2025ರಲ್ಲಿ, ಆದರೆ ಅದರ ಆಯಸ್ಸು ಏಪ್ರಿಲ್ 2027ಕ್ಕೇ ಮುಗಿಯುತ್ತದೆ. ಹೊಸದೇ ಮೊದಲು ಹಳತಾಗುತ್ತದೆ! ಸಂಘದವರಿಗೆ ಪ್ರತಿ ವರ್ಷ ಈ ತಲೆನೋವು ಯಾಕೆ?

ದುಡ್ಡು ಕೊಡುವ ಮೊದಲು 'ರಿಕ್ವೈರ್‌ಮೆಂಟ್ಸ್' ಅನ್ನೋ ಫೈಲ್ ತೆರೆಸಿ ನೋಡಿ. ಜಾಂಗೋ ಬಿಟ್ಟು ಇನ್ನೆಷ್ಟು ಪ್ಯಾಕೇಜ್ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಹೆಸರು ಅದರಲ್ಲಿದೆ ಅಂತ ಎಣಿಸಿ. ಸಾಮಾನ್ಯವಾಗಿ ಕೆಲಸ ಸಿಕ್ಕಿಹಾಕಿಕೊಳ್ಳೋದು ಅಲ್ಲೇ: ಯಾರೋ ಬರೆದು ಕೈಬಿಟ್ಟ ಪ್ಯಾಕೇಜ್ ಒಂದಿದ್ದರೆ ಅದಕ್ಕೆ ಬದಲಿ ಹುಡುಕಬೇಕು. ಪಟ್ಟಿ ಚಿಕ್ಕದಿದ್ದರೆ ಬಿಲ್ಲೂ ಚಿಕ್ಕದಿರಬೇಕು, ಚೌಕಾಸಿ ಮಾಡಿ. ಸರ್ವರ್‌ನಲ್ಲಿ ಪೈಥಾನ್ 3.10 ಅಥವಾ ಅದಕ್ಕಿಂತ ಹೊಸದು ಬೇಕು. 4.2ರಿಂದ 5.0, 5.1, ಆಮೇಲೆ 5.2, ಹೀಗೆ ಒಂದೊಂದೇ ಮೆಟ್ಟಿಲು ಹತ್ತಲಿ. ಮೊದಲು ಡೇಟಾಬೇಸ್ ಬ್ಯಾಕಪ್ ತೆಗೆಸಿ, ಅದರ ಒಂದು ಕಾಪಿ ನಿಮ್ಮ ಕೈಯಲ್ಲಿರಲಿ.

ಪ್ರಶ್ನೆ: 6.0ರಲ್ಲಿ ಬ್ಯಾಕ್‌ಗ್ರೌಂಡ್ ಟಾಸ್ಕ್ (ಹಿನ್ನೆಲೆಯಲ್ಲಿ ನಡೆಯುವ ಕೆಲಸ) ಬಂದಿದೆಯಂತೆ. ಇನ್ನು ಅಂಥ ಕೆಲಸಕ್ಕೆ ಬಳಸುವ ಸೆಲರಿ ಎಂಬ ಸಾಧನ ಕಲಿಯೋದೇ ಬೇಡವಾ?
– ವಿದ್ಯಾರ್ಥಿನಿ, ಹಡಪ್ಸರ್, ಪುಣೆ

ಉತ್ತರ: ಅಷ್ಟು ಬೇಗ ಬಿಡಬೇಡಿ. ಬಂದಿರುವುದು ಕೆಲಸವನ್ನು ಸಾಲಿನಲ್ಲಿ ನಿಲ್ಲಿಸುವ ವ್ಯವಸ್ಥೆ ಮಾತ್ರ. ರಾಜ್ಯೋತ್ಸವದ ಆಹ್ವಾನವನ್ನು ಎಲ್ಲ ಸದಸ್ಯರಿಗೆ ಮೇಲ್ ಮಾಡಬೇಕು ಅಂದುಕೊಳ್ಳಿ. 'ಕಳಿಸು' ಒತ್ತಿದವರು ಕಾಯದೆ ಮುಂದೆ ಹೋಗಬಹುದು, ಆದರೆ ಹಿಂದೆ ಕೂತು ಆ ಮೇಲ್ ಕಳಿಸುವ ಪ್ರೋಗ್ರಾಂ, ಅಂದರೆ ವರ್ಕರ್, ಜಾಂಗೋದ ಜೊತೆ ಬರುವುದಿಲ್ಲ. ಜೊತೆಗೆ ಬರುವ ಎರಡು ಬ್ಯಾಕೆಂಡ್‌ಗಳು (ಸಾಲಿಗೆ ಹಾಕಿದ ಕೆಲಸವನ್ನು ತೆಗೆದುಕೊಳ್ಳುವ ಭಾಗಗಳು) ಡೆವಲಪ್‌ಮೆಂಟ್, ಟೆಸ್ಟಿಂಗ್‌ಗೆ ಮಾತ್ರ. 6.0ರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಟೆಂಪ್ಲೇಟ್ ಪಾರ್ಷಿಯಲ್. ಪುಟದ ಒಂದು ತುಂಡಿಗೆ ಅಲ್ಲೇ ಹೆಸರಿಟ್ಟು ಬೇಕಾದಾಗ ಅಷ್ಟನ್ನೇ ಕಳಿಸಬಹುದು.

ಪ್ರಶ್ನೆ: ಇದನ್ನೆಲ್ಲ ಪುಕ್ಕಟೆ ಕೊಡುವವರು ಯಾರು? ಕೋಡ್ ಬಾರದ ನಾನೇನಾದರೂ ಮಾಡಬಹುದಾ?
– ನಿವೃತ್ತ ಶಿಕ್ಷಕರು, ವಾಸ್ಕೋ

ಉತ್ತರ: ಜಾಂಗೋ ಹುಟ್ಟಿದ್ದು ಅಮೆರಿಕದ ಕಾನ್ಸಾಸ್‌ನ ಒಂದು ಪತ್ರಿಕೆಯ ವೆಬ್ ವಿಭಾಗದಲ್ಲಿ ಮೇಷ್ಟ್ರೇ, ಲಾರೆನ್ಸ್ ಜರ್ನಲ್-ವರ್ಲ್ಡ್ ಅಂತ. 2005ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. 2008ರಿಂದ ಜಾಂಗೋ ಸಾಫ್ಟ್‌ವೇರ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆ ನೋಡಿಕೊಳ್ಳುತ್ತಿದೆ. ದೂರು ವಿಂಗಡಿಸೋದು, ಬಂದ ಕೋಡ್ ಪರೀಕ್ಷಿಸೋದು, ಹೊಸ ಆವೃತ್ತಿ ಬಿಡೋದು, ಇದಕ್ಕೆಲ್ಲ 'ಫೆಲೋ' ಅಂತ ಕೆಲವರಿಗೆ ಅದು ದೇಣಿಗೆ ಹಣದಿಂದ ಸಂಬಳ ಕೊಡುತ್ತದೆ. ಉಳಿದವರು ಬಹುಪಾಲು ಬಿಡುವಿನ ವೇಳೆಯಲ್ಲಿ ದುಡಿಯುವವರು.

ನಿಮ್ಮಂಥವರಿಗೆ ಅಲ್ಲಿ ಕೆಲಸ ಖಂಡಿತ ಇದೆ. ಜಾಂಗೋದ ಅಡ್ಮಿನ್ ಪುಟಗಳಿಗೆ (ಸೈಟ್ ನೋಡಿಕೊಳ್ಳುವವರು ಮಾಹಿತಿ ತುಂಬುವ, ತಿದ್ದುವ ಪುಟಗಳು) ಕನ್ನಡ ಅನುವಾದ ಇದೆ, ಆದರೆ ಪೂರ್ತಿ ಇಲ್ಲ. ಅನುವಾದ ಆಗದ ಸಾಲು ಇಂಗ್ಲಿಷ್‌ನಲ್ಲೇ ಕಾಣುತ್ತದೆ. ಟ್ರಾನ್ಸಿಫೆಕ್ಸ್ ಎಂಬ ತಾಣದಲ್ಲಿ ಖಾತೆ ತೆರೆದು ಜಾಂಗೋದ ಕನ್ನಡ ತಂಡಕ್ಕೆ ಸೇರಲು ಕೇಳಿಕೊಳ್ಳಿ. ಶೇಕಡಾ ಚಿಹ್ನೆ, ಆವರಣಗಳ ನಡುವೆ ಇರುವ ಅಕ್ಷರಗಳನ್ನು ಮಾತ್ರ ಮುಟ್ಟಬೇಡಿ, ಅಲ್ಲಿ ಹೆಸರು, ಸಂಖ್ಯೆ ಬಂದು ಕೂರುತ್ತವೆ.