ಓದುಗರ ಪ್ರಶ್ನೆಗೆ ಉತ್ತರ: ಯಾವ ಚೌಕಟ್ಟು, ಯಾವ ಇಸವಿ?

ಪ್ರಶ್ನೆ: ನಕ್ಷತ್ರಪಟ್ಟಿಯಲ್ಲಿದ್ದ ಮಘಾ ನಕ್ಷತ್ರದ ವಿಷುವದಂಶ (ಆಕಾಶದಲ್ಲಿ ಪೂರ್ವ-ಪಶ್ಚಿಮ ಸ್ಥಾನ), ಘಂಟಾವೃತ್ತಾಂಶಗಳನ್ನು (ಉತ್ತರ-ದಕ್ಷಿಣ ಸ್ಥಾನ) ದೂರದರ್ಶಕದ ಡಿಜಿಟಲ್ ಅಂಕವೃತ್ತಕ್ಕೆ ಕೊಟ್ಟರೂ ನಕ್ಷತ್ರ ಐಪೀಸಿನೊಳಗೆ ಬರುತ್ತಿಲ್ಲ. ಧ್ರುವಕ್ಕೆ ಹೊಂದಿಸಿದ್ದು ಸರಿಯಾಗಿಯೇ ಇದೆ. ತಪ್ಪೆಲ್ಲಿ?

ಉತ್ತರ: ಪಟ್ಟಿಯ ತಲೆಯಲ್ಲಿ ‘ಜೆ2000’ ಎಂದಿದೆಯೇ ನೋಡಿ. ಇದ್ದರೆ ಆ ಅಂಕಿಗಳು 2000ದ ಜನವರಿ 1ರ ನಡುಹಗಲಿನ ವಿಷುವದ್ವೃತ್ತಕ್ಕೆ (ಭೂಮಧ್ಯರೇಖೆಯನ್ನು ಆಕಾಶಕ್ಕೆ ಚಾಚಿದ ವೃತ್ತ) ಸೇರಿದವು, ಇವತ್ತಿನದಕ್ಕಲ್ಲ. ಭೂಮಿಯ ಅಕ್ಷ ಬುಗುರಿಯಂತೆ ತೂಗುತ್ತ ಸುಮಾರು 25,800 ವರ್ಷಕ್ಕೊಂದು ಸುತ್ತು ಹಾಕುತ್ತದೆ. ಅದರಿಂದ ವಿಷುವದಂಶದ ಎಣಿಕೆ ಶುರುವಾಗುವ ವಿಷುವಬಿಂದು ವರ್ಷಕ್ಕೆ 50.3 ವಿಕಲೆ ಹಿಂದೆ ಸರಿಯುತ್ತದೆ (ಒಂದು ಡಿಗ್ರಿಗೆ 60 ಕಲೆ, ಒಂದು ಕಲೆಗೆ 60 ವಿಕಲೆ). 25 ವರ್ಷಕ್ಕೆ 21 ಕಲೆ ಆಯಿತು. ಹುಣ್ಣಿಮೆ ಚಂದ್ರನ ಅಗಲದ ಮೂರರಲ್ಲಿ ಎರಡು ಪಾಲು!

ಕೈಲೆಕ್ಕ ಕಷ್ಟವೇನಿಲ್ಲ. ವಿಷುವದಂಶ ವರ್ಷಕ್ಕೆ ಎಷ್ಟು ಹೆಚ್ಚುತ್ತದೆ ಎಂದು ತಿಳಿಯಲು ವಿಷುವದಂಶದ ಸೈನನ್ನು ಘಂಟಾವೃತ್ತಾಂಶದ ಟ್ಯಾನ್‌ನಿಂದ ಗುಣಿಸಿ, ಅದನ್ನು 1.336ರಿಂದ ಗುಣಿಸಿ, 3.075 ಕೂಡಿಸಿ, ಬರುವುದು ಕಾಲದ ಸೆಕೆಂಡುಗಳಲ್ಲಿ. ಘಂಟಾವೃತ್ತಾಂಶದ ಬದಲಾವಣೆಗೆ ವಿಷುವದಂಶದ ಕೊಸೈನನ್ನು 20.04ರಿಂದ ಗುಣಿಸಿ, ಇದು ವಿಕಲೆಗಳಲ್ಲಿ. ಮಘಾ ಜೆ2000ದಲ್ಲಿ 10 ಗಂಟೆ 8 ನಿಮಿಷ 22 ಸೆಕೆಂಡ್, +11 ಡಿಗ್ರಿ 58 ಕಲೆ. ವಿಷುವದಂಶವನ್ನು ಮೊದಲು 152.09 ಡಿಗ್ರಿ ಮಾಡಿಕೊಳ್ಳಿ. ಗಂಟೆಯಲ್ಲೇ ಸೈನ್ ತೆಗೆಯುವುದು ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು. ವರ್ಷಕ್ಕೆ 3.21 ಸೆಕೆಂಡ್ ಹೆಚ್ಚಳ, 17.7 ವಿಕಲೆ ಇಳಿತ ಸಿಗುತ್ತದೆ. 2025ಕ್ಕೆ ಅದು 10 ಗಂಟೆ 9 ನಿಮಿಷ 42 ಸೆಕೆಂಡ್, +11 ಡಿಗ್ರಿ 50.6 ಕಲೆ.

ಧ್ರುವನಕ್ಷತ್ರಕ್ಕೆ ಈ ಸೂತ್ರ ಬಳಸಬೇಡಿ. ಅಲ್ಲಿ ಟ್ಯಾನ್ ಬೆಲೆ ಹುಚ್ಚೆದ್ದು ಏರುತ್ತದೆ, ಪೂರ್ತಿ ಆವರ್ತನ ಮ್ಯಾಟ್ರಿಕ್ಸೇ ಬೇಕು. ಇನ್ನೊಂದು ಮಾತು: ಕೆಲವು ಉಪಕರಣಗಳು ಜೆ2000 ಅಂಕಿಗಳನ್ನು ತಾವೇ ಇವತ್ತಿಗೆ ತಂದುಕೊಳ್ಳುತ್ತವೆ. ಅಂಥದ್ದಕ್ಕೆ ನೀವು ತಿದ್ದಿದ ಅಂಕಿ ಕೊಟ್ಟರೆ ತಿದ್ದುಪಡಿ ಎರಡು ಸಲವಾಗಿ, ಅದೇ 21 ಕಲೆ ಆಚೆ ಬದಿಗೆ ತಪ್ಪುತ್ತದೆ.

ಪ್ರಶ್ನೆ: ಗ್ರೀನಿಚ್‌ನಲ್ಲಿ ನೆಲದ ಮೇಲೆ ಗುರುತಿಸಿದ ಮಧ್ಯಾಹ್ನರೇಖೆಯ ಮೇಲೆ ನಿಂತರೆ ಫೋನ್ ಸೊನ್ನೆ ರೇಖಾಂಶ ತೋರಿಸುವುದಿಲ್ಲವಂತೆ, ನಿಜವೇ?

ಉತ್ತರ: ನಿಜ. ಫೋನಿನ ಸೊನ್ನೆ ಅಲ್ಲಿಂದ ಸುಮಾರು 102 ಮೀಟರ್ ಪೂರ್ವಕ್ಕಿದೆ. ನೆಲದ ರೇಖೆಯನ್ನು ಗೊತ್ತುಮಾಡಿದ್ದು ಖಗೋಳಜ್ಞ ಏರಿಯ ದೂರದರ್ಶಕ; ಅದಕ್ಕೆ ‘ನೆಟ್ಟಗೆ ಮೇಲೆ’ ಯಾವುದೆಂದು ಹೇಳಿದ್ದು ಆ ಜಾಗದ ಗುರುತ್ವ. ಅಲ್ಲಿ ತೂಗುಗುಂಡಿನ ದಾರ ದೀರ್ಘವೃತ್ತಜದ (ಭೂಮಿಯ ಆಕಾರಕ್ಕೆ ಹೊಂದಿಸಿದ ನುಣುಪು ಗಣಿತರೂಪ) ಲಂಬರೇಖೆಗಿಂತ ಕೊಂಚ ವಾಲಿದೆ. ಜಿಪಿಎಸ್ಸಿನ ಸೊನ್ನೆ ಸಮತಲವಾದರೋ ಭೂಮಿಯ ದ್ರವ್ಯರಾಶಿಯ ಕೇಂದ್ರದ ಮೂಲಕವೇ ಹಾಯಬೇಕು. ಎರಡೂ ಸಮತಲಗಳು ಸಮಾಂತರವಾಗಿರುವುದರಿಂದ ಕಾಲಗಣನೆಯಲ್ಲಿ ಜಿಗಿತವೇನೂ ಆಗಲಿಲ್ಲ.

ಪ್ರಶ್ನೆ: ಉಪಗ್ರಹದ ಸ್ಥಾನವನ್ನು ಆಕಾಶದ ಚೌಕಟ್ಟಿನಿಂದ (ಸ್ಥಾನ ಅಳೆಯುವ ಆಧಾರ ಅಕ್ಷಗಳು) ಭೂಮಿಯ ಜೊತೆ ತಿರುಗುವ ಚೌಕಟ್ಟಿಗೆ ತರುವ ಪ್ರೋಗ್ರಾಂ ಬರೆದಿದ್ದೇನೆ. ಭೂಮಧ್ಯರೇಖೆಯ ಬಳಿ ಉತ್ತರ 32 ಕಿಲೋಮೀಟರ್ ಪಶ್ಚಿಮಕ್ಕೆ ತಪ್ಪುತ್ತಿದೆ. ಅಕ್ಷಾಂಶ ಮಾತ್ರ ಸರಿಯಾಗಿ ಬರುತ್ತದೆ.

ಉತ್ತರ: 32 ಕಿಲೋಮೀಟರ್ ಎಂದೊಡನೆ ರೋಗ ಗೊತ್ತಾಯಿತು: ಯುಟಿ1 (ಭೂಮಿಯ ನಿಜವಾದ ತಿರುಗುವಿಕೆಯಿಂದ ಎಣಿಸಿದ ಕಾಲ) ಹಾಕಬೇಕಾದಲ್ಲಿ ಟಿಟಿ (ಖಗೋಳ ಲೆಕ್ಕಕ್ಕೆ ಬಳಸುವ ಏಕರೂಪದ ಕಾಲ) ಹಾಕಿದ್ದೀರಿ. ಟಿಟಿ ಈಗ ಯುಟಿಸಿಗಿಂತ (ಗಡಿಯಾರಗಳ ಜಾಗತಿಕ ಕಾಲ, ಯುಟಿ1ಕ್ಕೆ ತೀರ ಹತ್ತಿರ) 69.184 ಸೆಕೆಂಡ್ ಮುಂದಿದೆ. ಭೂಮಧ್ಯರೇಖೆಯ ನೆಲ ಸೆಕೆಂಡಿಗೆ 465 ಮೀಟರ್ ಓಡುತ್ತದೆ. ಗುಣಿಸಿ ನೋಡಿ.

ಹೆಜ್ಜೆಗಳು ಹೀಗೆ. ಆಕಾಶದ ಚೌಕಟ್ಟು ದೂರದ ಕ್ವೇಸಾರ್‌ಗಳಿಗೆ (ಬಹುದೂರದ ಗೆಲಾಕ್ಸಿಗಳ ಪ್ರಖರ ಕೇಂದ್ರಗಳು) ಕಟ್ಟಿದ್ದು. 2019ರ ಜನವರಿ 1ರಿಂದ ಜಾರಿಯಲ್ಲಿರುವ ಅಂಥ ಚೌಕಟ್ಟಾದ ಐಸಿಆರ್‌ಎಫ್3ಕ್ಕೆ 303 ಕ್ವೇಸಾರ್‌ಗಳೇ ಆಧಾರಗೂಟಗಳು. ಅಲ್ಲಿಂದ ಮೊದಲು ಅಯನಚಲನೆ (ಮೇಲೆ ಹೇಳಿದ ಬುಗುರಿಯಂಥ ತೂಗಾಟ) ಮತ್ತು ಅಕ್ಷವಿಚಲನೆ (ಅದರ ಮೇಲಿನ ಸಣ್ಣ ಓಲಾಟ), ಇದಕ್ಕೆ ಟಿಟಿ. ಆಮೇಲೆ ಭೂಮಿಯ ಆವರ್ತನ ಕೋನ, ಇದಕ್ಕೆ ಯುಟಿ1. ಯುಟಿ1ರ ಜೂಲಿಯನ್ ದಿನದಿಂದ (ಖಗೋಳಜ್ಞರ ಸತತ ದಿನಗಣನೆ) 2451545.0 ಕಳೆದು, 1.00273781191135448ರಿಂದ ಗುಣಿಸಿ, 0.7790572732640 ಕೂಡಿಸಿದರೆ ಎಷ್ಟು ಸುತ್ತು ಎಂಬುದು ಸಿಗುತ್ತದೆ. ಪೂರ್ಣಾಂಕ ಬಿಟ್ಟು ಉಳಿದದ್ದನ್ನು ಇಟ್ಟುಕೊಳ್ಳಿ. ಕೊನೆಗೆ ಧ್ರುವಚಲನೆ (ನೆಲದ ಮೇಲೆ ಭೂಮಿಯ ಅಕ್ಷದ ತುದಿ ಕೊಂಚ ಅಲೆಯುವುದು).

ಯುಟಿಸಿಯನ್ನೇ ಯುಟಿ1 ಎಂದು ಹಿಡಿದರೆ ತಪ್ಪು ಚಿಕ್ಕದಾಗುತ್ತದೆ, ಹೋಗುವುದಿಲ್ಲ. ಅವುಗಳ ಅಂತರ 0.9 ಸೆಕೆಂಡ್ ಮೀರದಂತೆ ಅಧಿಕ ಸೆಕೆಂಡು ಸೇರಿಸುವ ಪದ್ಧತಿ ಇದೆ, ಕೊನೆಯದು ಸೇರಿದ್ದು 2016ರ ಡಿಸೆಂಬರ್ 31ಕ್ಕೆ. 0.9 ಸೆಕೆಂಡ್ ಎಂದರೂ 418 ಮೀಟರ್. ಭೂಮಿಯ ತಿರುಗುವಿಕೆಯ ಲೆಕ್ಕವಿಡುವ ಅಂತರರಾಷ್ಟ್ರೀಯ ಸಂಸ್ಥೆ ಐಇಆರ್‌ಎಸ್ ಪ್ರಕಟಿಸುವ ಅಂತರವನ್ನು ಓದಿಸಿಕೊಳ್ಳಿ; ಧ್ರುವಚಲನೆಯ ಎಕ್ಸ್, ವೈ ಬೆಲೆಗಳೂ ಅದರಲ್ಲೇ ಇರುತ್ತವೆ. ಇಲ್ಲಿ ವೈ ಧನವಾಗುವುದು 90 ಡಿಗ್ರಿ ಪಶ್ಚಿಮದ ಕಡೆಗೆ. ಪೂರ್ವವೆಂದುಕೊಂಡು ಚಿಹ್ನೆ ತಿರುಗಿಸಿದರೆ ತಿದ್ದುಪಡಿಯೇ ತಪ್ಪನ್ನು ಇಮ್ಮಡಿ ಮಾಡುತ್ತದೆ, 0.3 ವಿಕಲೆ ನೆಲದ ಮೇಲೆ 9 ಮೀಟರ್.

ಸೆಂಟಿಮೀಟರ್ ನಿಖರತೆ ಬೇಕಿದ್ದರೆ ಜೂಲಿಯನ್ ದಿನವನ್ನು ಒಂದೇ ಡಬಲ್ (64 ಬಿಟ್‌ಗಳ ದಶಮಾಂಶ) ಸಂಖ್ಯೆಯಲ್ಲಿ ಇಡಬೇಡಿ. ಇಪ್ಪತ್ತನಾಲ್ಕು ಲಕ್ಷ ದಾಟಿದ ಆ ಸಂಖ್ಯೆಯಲ್ಲಿ ಹಿಡಿಯುವ ಅತಿ ಸಣ್ಣ ಹೆಜ್ಜೆಯೇ 40 ಮೈಕ್ರೊಸೆಕೆಂಡ್, ಅಂದರೆ ಸುಮಾರು 2 ಸೆಂ.ಮೀ. ದಿನವನ್ನೂ ದಿನದ ಭಾಗವನ್ನೂ ಬೇರೆ ಬೇರೆ ಇಡಿ.

ಪ್ರಶ್ನೆ: ಹತ್ತು ವರ್ಷದ ಹಿಂದೆ ಅಳೆದ ಗುರುತುಕಲ್ಲನ್ನು ಮತ್ತೆ ಅಳೆದರೆ ಅರ್ಧ ಮೀಟರ್ ವ್ಯತ್ಯಾಸ. ರಿಸೀವರ್ ಕೆಟ್ಟಿದೆಯೇ?

ಉತ್ತರ: ರಿಸೀವರನ್ನು ದೂರುವ ಮೊದಲು ಎರಡೂ ಅಳತೆಗಳ ಚೌಕಟ್ಟಿನ ಹೆಸರು, ಇಸವಿ ನೋಡಿ. ಕಲ್ಲು ಭೂಫಲಕದ ಜೊತೆ ಸಾಗುತ್ತಿದೆ. ಆಸ್ಟ್ರೇಲಿಯಾ ವರ್ಷಕ್ಕೆ ಸುಮಾರು 7 ಸೆಂ.ಮೀ. ಈಶಾನ್ಯಕ್ಕೆ ಸರಿಯುತ್ತದೆ, ಅಲ್ಲಿ ದೇಶದ ಚೌಕಟ್ಟು ಜಿಡಿಎ94ರಿಂದ ಜಿಡಿಎ2020ಕ್ಕೆ ಬದಲಾದಾಗ ಅಂಕಿಗಳು ಸುಮಾರು 1.8 ಮೀಟರ್ ಸರಿದವು. ದೇಶದ ಸ್ಥಿರ ಚೌಕಟ್ಟಿನಲ್ಲಿ ಬಂದ ಹಳೆಯ ಬೆಲೆಯನ್ನು ಇಡೀ ಭೂಮಿಗೆ ಹೊಂದಿಸಿದ ಅಂತರರಾಷ್ಟ್ರೀಯ ಚೌಕಟ್ಟಾದ ಐಟಿಆರ್‌ಎಫ್‌ನಲ್ಲಿ ಇವತ್ತಿನ ದಿನಾಂಕಕ್ಕೆ ಬಂದ ಬೆಲೆಯ ಪಕ್ಕ ಇಟ್ಟರೆ ವ್ಯತ್ಯಾಸ ಬಂದೇ ಬರುತ್ತದೆ. ಅಕ್ಷಾಂಶ, ರೇಖಾಂಶ, ಎತ್ತರಗಳನ್ನು ಎಕ್ಸ್, ವೈ, ಝಡ್‌ಗೆ ಬದಲಿಸಿ, ಎರಡನ್ನೂ ಒಂದೇ ಚೌಕಟ್ಟಿಗೆ ತನ್ನಿ. ಆಮೇಲೆ ಆ ಜಾಗದ ವೇಗವನ್ನು ವರ್ಷಗಳಿಂದ ಗುಣಿಸಿ ಕೂಡಿಸಿ, ನಂತರವೇ ಹೋಲಿಸಿ.

ದೊಡ್ಡ ಭೂಕಂಪವಾದ ಕಡೆ ಈ ಸರಳರೇಖೆಯ ಲೆಕ್ಕ ನಡೆಯದು. 2011ರ ಮಾರ್ಚ್ 11ರಂದು ಜಪಾನಿನ ಓಶಿಕಾ ಪರ್ಯಾಯದ್ವೀಪದ ಜಿಪಿಎಸ್ ಕೇಂದ್ರ ಒಂದೇ ಸಲಕ್ಕೆ 5.3 ಮೀಟರ್ ಸರಿಯಿತು. ನಡುಕ ನಿಂತ ಮೇಲೂ ನೆಲ ವರ್ಷಗಟ್ಟಲೆ ನಿಧಾನವಾಗಿ ಹರಿಯುತ್ತಿರುತ್ತದೆ. ಐಟಿಆರ್‌ಎಫ್2014ರಿಂದ ಈಚೆಗೆ ಆ ಹರಿವಿಗೂ ಪ್ರತ್ಯೇಕ ಸೂತ್ರಗಳನ್ನು ಕೊಡುತ್ತಿದ್ದಾರೆ. ಅಂಥ ಪ್ರದೇಶದ ಕಲ್ಲಾದರೆ ವೇಗದ ಜೊತೆಗೆ ಅದನ್ನೂ ಸೇರಿಸಿಯೇ ಲೆಕ್ಕ ಮಾಡಿ.